ಏಕೆಂದು ಕೇಳಬಹುದಾದ ಯಂತ್ರ



ಕೃತಕ ಬುದ್ಧಿಮತ್ತೆ ಎಂದೊಡನೆ ಇಂದು ನೆನಪಾಗುವುದು ಮಾತಾಡುವ, ಬರೆಯುವ, ಚಿತ್ರ ಬಿಡಿಸುವ ಯಂತ್ರಗಳು. ನಾನು ಆರಿಸಿಕೊಂಡಿರುವುದು ಅವುಗಳ ಹಿಂದಿನ ತಲೆಮಾರನ್ನು. 'ಹೀಗಿದ್ದರೆ ಹೀಗೆ ಮಾಡು' ಎಂಬ ನಿಯಮಗಳನ್ನು ನೂರುಗಟ್ಟಲೆ, ಸಾವಿರಗಟ್ಟಲೆ ಕೂಡಿಸಿ, ಒಬ್ಬ ಪರಿಣತ ಮಾಡುವ ಕೆಲಸವನ್ನು ಮಾಡಿಸುತ್ತಿದ್ದ ಎಕ್ಸ್‌ಪರ್ಟ್ ಸಿಸ್ಟಮ್‌ಗಳವು. 1980ರ ದಶಕದಲ್ಲಿ ಅವನ್ನು ಅತಿಯಾಗಿ ಹೊಗಳಿದರು, ಮುಂದಿನ ದಶಕದಲ್ಲಿ ಅಷ್ಟೇ ಬೇಗ ಮರೆತರು. ಅವುಗಳ ಜೊತೆಗೆ ಒಂದು ಒಳ್ಳೆಯ ಪದ್ಧತಿಯೂ ಮರೆಯಾಯಿತು. ಯಂತ್ರ ತೀರ್ಮಾನ ಹೇಳಿದಾಗ ಎದುರಿಗೆ ಕುಳಿತವರು 'ಏಕೆ?' ಎಂದು ಕೇಳಬಹುದಿತ್ತು, ಯಂತ್ರ ಉತ್ತರಿಸಬೇಕಿತ್ತು. ಆ ಪದ್ಧತಿ ನಮಗೆ ಮತ್ತೆ ಬೇಕು ಎಂಬುದು ನನ್ನ ವಾದ.

ಇಂಥ ವ್ಯವಸ್ಥೆಗಳ ಪಟ್ಟಿ ಉದ್ದವಾಗಿದೆ. ಎಲ್ಲವನ್ನೂ ಮುಟ್ಟುವ ಬದಲು ಒಂದರ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿ 1970ರ ದಶಕದ ಕೊನೆಯಲ್ಲಿ ವ್ಯಾಕ್ಸ್ ಎಂಬ ಮಿನಿ ಕಂಪ್ಯೂಟರುಗಳನ್ನು ಮಾರುತ್ತಿತ್ತು. ಇಂದಿನ ಲ್ಯಾಪ್‌ಟಾಪಿನ ಹಾಗೆ ಒಂದು ಡಬ್ಬಿಯಲ್ಲಿ ಎಲ್ಲವೂ ಸಿದ್ಧವಾಗಿ ಬರುವ ಕಾಲ ಅದಲ್ಲ. ಗಿರಾಕಿ ಇಷ್ಟು ಮೆಮೊರಿ, ಇಷ್ಟು ಡಿಸ್ಕ್, ಇಷ್ಟು ಟರ್ಮಿನಲ್ ಎಂದು ಬೇಕಾದ್ದನ್ನು ಆರಿಸಿ ಆರ್ಡರ್ ಕೊಡುತ್ತಿದ್ದ. ಒಂದು ಆರ್ಡರ್ ಇನ್ನೊಂದರಂತೆ ಇರುವುದೇ ಅಪರೂಪ. ಯಾವ ಬೋರ್ಡು ಯಾವ ಕ್ಯಾಬಿನೆಟ್ಟಿನ ಯಾವ ಜಾಗದಲ್ಲಿ ಕೂರಬೇಕು, ವಿದ್ಯುತ್ ಪೂರೈಕೆ ಸಾಲುತ್ತದೆಯೆ, ಕೇಬಲ್ ಅಷ್ಟು ದೂರ ಎಟುಕುತ್ತದೆಯೆ, ಗಿರಾಕಿ ಬರೆಯಲು ಮರೆತ ಭಾಗ ಯಾವುದು, ಇದನ್ನೆಲ್ಲ ಅನುಭವಿ ತಂತ್ರಜ್ಞರು ಆರ್ಡರನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಪರಿಶೀಲಿಸಬೇಕಾಗಿತ್ತು. ಅವರ ಕಣ್ಣಿಗೆ ಒಂದು ಕೇಬಲ್ ತಪ್ಪಿದರೆ ಗಿರಾಕಿಯ ಕೋಣೆಯಲ್ಲಿ ಲಕ್ಷಾಂತರ ಡಾಲರ್ ಬೆಲೆಯ ಯಂತ್ರ ಸುಮ್ಮನೆ ನಿಂತುಬಿಡುತ್ತಿತ್ತು.

ಈ ಕೆಲಸವನ್ನು ಫೋರ್ಟ್ರಾನ್ ಮತ್ತು ಬೇಸಿಕ್ ಭಾಷೆಗಳ ಸಾಮಾನ್ಯ ಪ್ರೋಗ್ರಾಮುಗಳಿಗೆ ಒಪ್ಪಿಸಲು ಕಂಪನಿ ಮೊದಲೇ ಪ್ರಯತ್ನಿಸಿ ಸೋತಿತ್ತು. ಸಾಮಾನ್ಯ ಪ್ರೋಗ್ರಾಮು ಮೊದಲು ಇದು, ಆಮೇಲೆ ಅದು ಎಂಬ ಕ್ರಮಕ್ಕೆ ಕಟ್ಟುಬಿದ್ದಿರುತ್ತದೆ. ಇಲ್ಲಿ ಪ್ರತಿಯೊಂದು ಬಿಡಿಭಾಗವೂ ತನ್ನದೇ ಆದ ನಾಲ್ಕಾರು ವಿನಾಯಿತಿಗಳನ್ನು ಹೊತ್ತು ಬರುತ್ತಿತ್ತು. ಒಂದು ವಿನಾಯಿತಿಗೆ ಜಾಗ ಮಾಡಿಕೊಡಲು ಹೋದರೆ ಕಟ್ಟಿದ ಕ್ರಮವೇ ಕದಡಿಹೋಗುತ್ತಿತ್ತು.

1978ರ ಕೊನೆಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಅವರು ಕ್ರಮವನ್ನೇ ಬಿಟ್ಟುಕೊಟ್ಟರು. ತಂತ್ರಜ್ಞರಿಗೆ ಗೊತ್ತಿದ್ದುದನ್ನು ಬಿಡಿಬಿಡಿ ನಿಯಮಗಳಾಗಿ ಬರೆದರು. ಅವರ ನಿಯಮವೊಂದರ ಸಾರಾಂಶ ಹೀಗಿದೆ: ಈಗ ನಡೆಯುತ್ತಿರುವುದು ವಿದ್ಯುತ್ ಪೂರೈಕೆ ಜೋಡಿಸುವ ಕೆಲಸವಾಗಿದ್ದರೆ, ಯೂನಿಬಸ್ ಅಡಾಪ್ಟರ್ ಎಂಬ ಬಿಡಿಭಾಗ ಕ್ಯಾಬಿನೆಟ್ಟಿನಲ್ಲಿ ಆಗಲೇ ಕೂತಿದ್ದರೆ, ಅದಕ್ಕೆ ವಿದ್ಯುತ್ ಕೊಡುವ ಭಾಗಕ್ಕೆ ಜಾಗವಿದ್ದು ಆ ಭಾಗವೇ ಆರ್ಡರಿನಲ್ಲಿ ಇಲ್ಲದಿದ್ದರೆ, ಬೇಕಾದ ವೋಲ್ಟೇಜಿನ ಭಾಗವನ್ನು ಹುಡುಕಿ ಆರ್ಡರಿಗೆ ಸೇರಿಸು. ಪ್ರೋಗ್ರಾಮು ಬರೆಯಲು ಗೊತ್ತಿಲ್ಲದ ತಂತ್ರಜ್ಞ ಕೂಡ ಇದನ್ನು ಓದಿ ಸರಿ ಅಥವಾ ತಪ್ಪು ಎನ್ನಬಲ್ಲ. ಈ ವಿಧಾನದ ದೊಡ್ಡ ಶಕ್ತಿ ನನಗೆ ಕಾಣುವುದು ಅಲ್ಲೇ.

ವ್ಯವಸ್ಥೆ ಕೆಲಸ ಮಾಡುವ ಬಗೆ ಸರಳ. ಒಂದು ಕಡೆ ಸದ್ಯದ ಸಂಗತಿಗಳ ನೆನಪು, ಇನ್ನೊಂದು ಕಡೆ ನಿಯಮಗಳ ರಾಶಿ. ಯಾವ ನಿಯಮಗಳ ಷರತ್ತುಗಳು ಈ ಕ್ಷಣದ ಸಂಗತಿಗಳಿಗೆ ಪೂರ್ತಿ ಹೊಂದುತ್ತವೆ ಎಂದು ಯಂತ್ರ ನೋಡುತ್ತದೆ. ಹೊಂದಿದವುಗಳಲ್ಲಿ ಒಂದನ್ನು ಆರಿಸಿ ನಡೆಸುತ್ತದೆ. ಅದರಿಂದ ಸಂಗತಿಗಳು ಬದಲಾಗುತ್ತವೆ, ಮತ್ತೆ ನೋಡುತ್ತದೆ. ನಿಯಮಗಳು ಸಾವಿರ ದಾಟಿದಾಗ ಪ್ರತಿ ಸುತ್ತಿನಲ್ಲೂ ಎಲ್ಲವನ್ನೂ ಹೊಂದಿಸಿ ನೋಡುವುದು ದುಬಾರಿ. ಅದೇ ವಿಶ್ವವಿದ್ಯಾಲಯದ ಚಾರ್ಲ್ಸ್ ಫೋರ್ಗಿ ತಮ್ಮ 1979ರ ಪ್ರಬಂಧದಲ್ಲಿ ರೀಟಿ ಎಂಬ ವಿಧಾನದಿಂದ ಇದಕ್ಕೆ ಪರಿಹಾರ ಕೊಟ್ಟರು. ಅರ್ಧ ಹೊಂದಿದ ನಿಯಮಗಳನ್ನು ನೆನಪಿಟ್ಟುಕೊಂಡು, ಬದಲಾದ ಸಂಗತಿ ಮುಟ್ಟುವಷ್ಟನ್ನು ಮಾತ್ರ ಮತ್ತೆ ಪರೀಕ್ಷಿಸಿದರೆ ಸಾಕು. ಇಂದಿಗೂ ನಿಯಮಗಳನ್ನು ನಡೆಸುವ ಅನೇಕ ರೂಲ್ ಎಂಜಿನ್‌ಗಳ ಒಳಗೆ ಆ ವಿಧಾನವೇ ಬೇರೆ ಬೇರೆ ರೂಪದಲ್ಲಿ ಓಡುತ್ತಿದೆ.

ಎರಡು ನಿಯಮಗಳು ಒಟ್ಟಿಗೆ ಹೊಂದಿದರೆ ಯಾವುದಕ್ಕೆ ಮೊದಲ ಮಣೆ? ಮೆಕ್‌ಡರ್ಮಟ್ ಅವರ ವ್ಯವಸ್ಥೆಯಲ್ಲಿ ಹೆಚ್ಚು ಷರತ್ತುಗಳಿರುವ ವಿಶೇಷ ನಿಯಮ ಸಾಮಾನ್ಯ ನಿಯಮವನ್ನು ಹಿಂದಕ್ಕೆ ಸರಿಸುತ್ತಿತ್ತು. ವ್ಯಾಕರಣ ಓದಿದವರಿಗೆ ಇದು ಹಳೆಯ ಪರಿಚಯ. ಪಾಣಿನಿಯ ಪರಂಪರೆಯಲ್ಲಿ ಉತ್ಸರ್ಗ ಎಂಬ ಸಾಮಾನ್ಯ ನಿಯಮಕ್ಕೂ ಅಪವಾದ ಎಂಬ ವಿಶೇಷ ನಿಯಮಕ್ಕೂ ಇರುವ ಸಂಬಂಧ ಇದೇ. 1604ರಲ್ಲಿ ಭಟ್ಟಾಕಳಂಕ ನಮ್ಮ ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ಶಬ್ದಾನುಶಾಸನ ಬರೆದಾಗಲೂ ಆ ಶಿಸ್ತೇ ಅವನ ಕೈಹಿಡಿದಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಅವನನ್ನು ಓದಿದ್ದರು ಎಂದು ನಾನು ಹೇಳುತ್ತಿಲ್ಲ. ನಿಯಮಗಳಿಂದ ಒಂದು ದೊಡ್ಡ ಸಂಗತಿಯನ್ನು ಹಿಡಿಯಹೊರಟ ಯಾರೇ ಆಗಲಿ, ವಿನಾಯಿತಿಗೆ ಗೌರವದ ಜಾಗ ಕೊಡದೆ ಮುಂದೆ ಹೋಗಲಾರರು. ಸೂತ್ರಗಳ ಜೊತೆಗೆ ಅವುಗಳ ಅರ್ಥ ಬಿಡಿಸುವ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಭಟ್ಟಾಕಳಂಕನೇ ಬರೆದ ಎಂಬುದನ್ನು ನೆನಪಿಟ್ಟುಕೊಳ್ಳಿ. ಅದರ ಅಗತ್ಯ ಮುಂದೆ ಬರುತ್ತದೆ.

1980ರ ಜನವರಿಯಲ್ಲಿ ವ್ಯವಸ್ಥೆ ಡಿಜಿಟಲ್ ಕಂಪನಿಯ ಕೆಲಸಕ್ಕೆ ಇಳಿಯಿತು. ಪ್ರಯೋಗಾಲಯದಲ್ಲಿ ಆರ್-1 ಎನ್ನಿಸಿಕೊಂಡಿದ್ದದ್ದು ಕಂಪನಿಯಲ್ಲಿ ಎಕ್ಸ್‌ಕಾನ್ ಆಯಿತು. ಆಗ ಇದ್ದುದು 750ಕ್ಕೂ ಹೆಚ್ಚು ನಿಯಮಗಳು. 1989ರ ಹೊತ್ತಿಗೆ ಅವು ಸುಮಾರು 17,500 ಆದವು. ಆರಂಭದಲ್ಲಿ ಅದಕ್ಕೆ 400ರಷ್ಟು ಬಿಡಿಭಾಗಗಳ ಪರಿಚಯವಿತ್ತು, ಕೊನೆಗೆ 31,000ದಷ್ಟು. ಕಂಪನಿ ವರ್ಷಕ್ಕೆ ಕೋಟ್ಯಂತರ ಡಾಲರ್ ಉಳಿತಾಯವನ್ನು ಅದರ ಲೆಕ್ಕಕ್ಕೆ ಬರೆಯಿತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಆ ಸಂಖ್ಯೆಗಳ ನಡುವೆ ನಡೆದದ್ದು. ವ್ಯವಸ್ಥೆ ಒಂದು ದಿನ ಪೂರ್ಣವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಹಾಗಾಗಲಿಲ್ಲ. ಹೊಸ ಯಂತ್ರಗಳು ಬರುತ್ತಲೇ ಇದ್ದವು, ಹಳೆಯ ಭಾಗಗಳು ಹೋಗುತ್ತಲೇ ಇದ್ದವು. ಒಂದು ವರ್ಷದಲ್ಲಿ ಸುಮಾರು ಅರ್ಧದಷ್ಟು ನಿಯಮಗಳು ಬದಲಾಗುತ್ತಿದ್ದವು. ಬಿಡಿ ನಿಯಮ ಸೇರಿಸುವುದು ಸುಲಭ ಎಂಬ ಮೊದಲ ಸಂತೋಷ ನಿಯಮಗಳು ಸಾವಿರಗಟ್ಟಲೆ ಆದಾಗ ಉಳಿಯಲಿಲ್ಲ. ಯಾವ ನಿಯಮ ಯಾವುದರ ಕಾಲಿಗೆ ತೊಡರುತ್ತದೆ ಎಂದು ತಿಳಿಯದಾಯಿತು. ರೈಮ್ ಎಂಬ ಹೊಸ ಶಿಸ್ತನ್ನು ರೂಪಿಸಿ, ಯಾವ ಬಗೆಯ ಕೆಲಸಕ್ಕೆ ಯಾವ ಬಗೆಯ ನಿಯಮ ಎಂದು ವಿಂಗಡಿಸಿ, ಇಡೀ ವ್ಯವಸ್ಥೆಯನ್ನೇ ಮತ್ತೆ ಬರೆಯಬೇಕಾಯಿತು. ಇದನ್ನು ಸೋಲು ಎಂದು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡಿಜಿಟಲ್ ಗೆದ್ದದ್ದೇ ನಿಯಮಗಳನ್ನು ನೋಡಿಕೊಳ್ಳಲು ಒಂದು ತಂಡವನ್ನು ವರ್ಷಗಟ್ಟಲೆ ಸಾಕಿದ್ದರಿಂದ. ತೋಟ ಹಾಕಿಸಿ ನೀರುಣಿಸುವವನನ್ನು ಬಿಡಿಸಿದವರ ಹಾಗೆ ಆ ಕಾಲದ ಎಷ್ಟೋ ಸಂಸ್ಥೆಗಳು ಎಕ್ಸ್‌ಪರ್ಟ್ ಸಿಸ್ಟಮ್ ಕಟ್ಟಿಸಿ ಪಾಲಕರಿಲ್ಲದೆ ಬಿಟ್ಟವು. ಅಂಥವು ಒಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ವ್ಯವಸ್ಥೆಯ ಗಾತ್ರ ಚಿಕ್ಕದಾಗಿದ್ದರೆ ಕಥೆ ಬೇರೆ. ಕ್ಯಾಂಪ್‌ಬೆಲ್ ಸೂಪ್ ಕಂಪನಿಯಲ್ಲಿ ಡಬ್ಬಿಗಳನ್ನು ಬಿಸಿಮಾಡಿ ಕ್ರಿಮಿರಹಿತಗೊಳಿಸುವ ಎತ್ತರದ ಕುಕ್ಕರುಗಳಿದ್ದವು. ಅವು ನಿಂತರೆ ಇಡೀ ಸಾಲೇ ನಿಂತಂತೆ. ಅವುಗಳ ರೋಗ ಹಿಡಿಯಬಲ್ಲ ಆಲ್ಡೋ ಚಿಮಿನೊ ಎಂಬ ತಜ್ಞ ನಾಲ್ಕು ದಶಕಗಳ ಅನುಭವ ಹೊತ್ತು ನಿವೃತ್ತಿಯ ಸಮೀಪದಲ್ಲಿದ್ದರು. 1980ರ ದಶಕದ ನಡುವೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಜಿನಿಯರುಗಳು ಅವರನ್ನು ತಿಂಗಳುಗಟ್ಟಲೆ ಪ್ರಶ್ನಿಸಿ, 151 ನಿಯಮಗಳ ವ್ಯವಸ್ಥೆಯೊಂದನ್ನು ಪರ್ಸನಲ್ ಕಂಪ್ಯೂಟರಿನ ಮೇಲೆ ಕೂರಿಸಿದರು. ಒಬ್ಬ ಹಿರಿಯರ ತಿಳಿವಳಿಕೆಯ ಬಳಕೆಗೆ ಬರುವ ಭಾಗ 151 ವಾಕ್ಯಗಳಲ್ಲಿ ಹಿಡಿಯಿತು ಎಂದರೆ ಕೆಲವರಿಗೆ ಬೇಸರವಾಗಬಹುದು. ನನಗೆ ಕಾಣುವುದು ಆ ವಾಕ್ಯಗಳನ್ನು ಹೊರತೆಗೆಯಲು ಬೇಕಾದ ತಾಳ್ಮೆ. ಪರಿಣತರಿಗೆ ತಮ್ಮ ತಿಳಿವಳಿಕೆ ತಿಳಿವಳಿಕೆಯಾಗಿ ಕಾಣುವುದೇ ಇಲ್ಲ. 'ಸದ್ದು ಕೇಳಿದರೆ ಗೊತ್ತಾಗುತ್ತದೆ' ಎನ್ನುತ್ತಾರೆ. ಎಂಥ ಸದ್ದು, ಎಲ್ಲಿಂದ, ಯಾವ ಒತ್ತಡದಲ್ಲಿ ಎಂದು ಕೆದಕುತ್ತಾ ಹೋದಾಗಲೇ ನಿಯಮ ಹುಟ್ಟುವುದು. ಕೆದಕಿದರೂ ಬಾರದ ತಿಳಿವಳಿಕೆಯೂ ಇದೆ. ಅದನ್ನು ಕೈಯಿಂದ ಕೈಗೇ ಕಲಿಸಬೇಕು.

ಇನ್ನು 'ಏಕೆ' ಎಂಬ ಪ್ರಶ್ನೆಗೆ ಬರುತ್ತೇನೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಕಟ್ಟಿದ ಮೈಸಿನ್ ರಕ್ತದ ಸೋಂಕುಗಳನ್ನು ಗುರುತಿಸಿ ಆಂಟಿಬಯಾಟಿಕ್ ಸೂಚಿಸುತ್ತಿತ್ತು. ಅದರಲ್ಲಿ ನಿಯಮಗಳು 500ರ ಆಸುಪಾಸು. ಎಕ್ಸ್‌ಕಾನ್ ಸಂಗತಿಯಿಂದ ತೀರ್ಮಾನದ ಕಡೆಗೆ ನಡೆದರೆ ಇದು ತೀರ್ಮಾನದಿಂದ ಹಿಂದಕ್ಕೆ, ಬೇಕಾದ ಸಂಗತಿಗಳನ್ನು ಕೇಳುತ್ತಾ ಬರುತ್ತಿತ್ತು. ಈ ಪ್ರಶ್ನೆ ಏಕೆ ಕೇಳಿದೆ ಎಂದು ವೈದ್ಯ ಟೈಪು ಮಾಡಿದರೆ ತಾನು ಯಾವ ನಿಯಮವನ್ನು ಪರೀಕ್ಷಿಸುತ್ತಿದ್ದೇನೆ ಎಂದು ಅದು ತೋರಿಸುತ್ತಿತ್ತು. ಈ ನಿರ್ಧಾರಕ್ಕೆ ಹೇಗೆ ಬಂದೆ ಎಂದರೆ ನಡೆದ ಹಾದಿಯನ್ನೆಲ್ಲ ಬಿಡಿಸಿಡುತ್ತಿತ್ತು. ಮೆನಿಂಜೈಟಿಸ್ ರೋಗಿಗಳ ಮೇಲಿನ ಪರೀಕ್ಷೆಯೊಂದರಲ್ಲಿ ಅದರ ಸಲಹೆಗಳು ಸ್ಟ್ಯಾನ್‌ಫರ್ಡಿನ ಬೋಧಕ ವೈದ್ಯರ ಸಲಹೆಗಳಿಗೆ ಕಡಿಮೆ ಬೀಳಲಿಲ್ಲ. ಆದರೂ ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಅದು ಬರಲೇ ಇಲ್ಲ.

ಅದೇ ಮೈಸಿನ್ ನಿಯಮಗಳಿಂದ ವಿದ್ಯಾರ್ಥಿಗಳಿಗೆ ಪಾಠ ಹೇಳಿಸಲು ಹೊರಟ ವಿಲಿಯಂ ಕ್ಲಾನ್ಸಿ ಒಂದು ಕೊರತೆಯನ್ನು ಕಂಡರು. ಎಂಟು ವರ್ಷದೊಳಗಿನ ಮಗುವಿಗೆ ಟೆಟ್ರಾಸೈಕ್ಲಿನ್ ಕೊಡಬೇಡ ಎಂಬ ನಿಯಮವಿತ್ತು. ಏಕೆ ಎಂದರೆ ಯಂತ್ರ ನಿಯಮವನ್ನೇ ಮತ್ತೆ ಒಪ್ಪಿಸುತ್ತಿತ್ತು. ಆ ಔಷಧ ಬೆಳೆಯುತ್ತಿರುವ ಹಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಹಲ್ಲಿಗೆ ಶಾಶ್ವತವಾಗಿ ಕಲೆ ಬೀಳಿಸುತ್ತದೆ ಎಂಬ ನಿಜವಾದ ಕಾರಣ ಎಲ್ಲೂ ಬರೆದಿರಲಿಲ್ಲ. ಕಾರಣ ಗೊತ್ತಿದ್ದ ವೈದ್ಯರು, ಬೇರೆ ಮದ್ದೇ ಇಲ್ಲದೆ ಮಗುವಿನ ಜೀವ ಅಪಾಯದಲ್ಲಿದ್ದಾಗ, ಆ ನಿಯಮವನ್ನು ಮೀರಬಲ್ಲರು. ನಿಯಮವಷ್ಟೇ ಗೊತ್ತಿದ್ದವರು ಮೀರಲಾರರು. ಭಟ್ಟಾಕಳಂಕ ತನ್ನ ಸೂತ್ರಗಳಿಗೆ ತಾನೇ ವ್ಯಾಖ್ಯಾನ ಬರೆದದ್ದು ಇಂಥ ಕೊರತೆಯನ್ನೇ ತುಂಬಲು. ನನ್ನ ಲೆಕ್ಕದಲ್ಲಿ ನಿಯಮದ ಪಕ್ಕದಲ್ಲಿ ಅದರ ಕಾರಣ, ಅದನ್ನು ಹೇಳಿದವರು, ಬರೆದ ತಾರೀಖು ಇಲ್ಲದಿದ್ದರೆ ಆ ನಿಯಮ ಅರ್ಧವೇ. ಕಾರಣ ತಿಳಿಯದ ನಿಯಮವನ್ನು ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ.

ನಮ್ಮ ದೇಶವೂ ಈ ವಿದ್ಯೆಯಿಂದ ದೂರ ಇರಲಿಲ್ಲ. 1980ರ ದಶಕದಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಯೋಜನೆ ನಡೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ಎಕ್ಸ್‌ಪರ್ಟ್ ಸಿಸ್ಟಮ್‌ಗಳ ಕೆಲಸ ಮದ್ರಾಸಿನ ಐಐಟಿಗೆ ಬಿತ್ತು. ಆದರೆ ಬೆಂಗಳೂರಿನ ಸಾವಿರಾರು ಎಂಜಿನಿಯರುಗಳು ನಿಯಮಗಳನ್ನು ಎದುರಿಸಿದ್ದು ಬೇರೆ ದಾರಿಯಲ್ಲಿ. ಪರದೇಶದ ಬ್ಯಾಂಕು, ವಿಮಾ ಕಂಪನಿಗಳ ಕೋಬಾಲ್ ಭಾಷೆಯ ಹಳೆಯ ಪ್ರೋಗ್ರಾಮುಗಳು ಅವರ ಕೈಗೆ ಬಂದವು. ಯಾರಿಗೆ ಎಷ್ಟು ಬಡ್ಡಿ, ಯಾವ ಕ್ಲೇಮು ತಿರಸ್ಕಾರ ಎಂಬ ವ್ಯವಹಾರದ ನಿಯಮಗಳು ಸಾಲುಗಳ ನಡುವೆ ಹೂತುಹೋಗಿದ್ದವು. ಬರೆದವರು ನಿವೃತ್ತರು, ಕಾಗದವಿಲ್ಲ. ಅವನ್ನು ಅಗೆದು ತೆಗೆದ ತಲೆಮಾರಿನವರು ನಮ್ಮ ನಡುವೆಯೂ ಇರಬಹುದು. ನಿಯಮವನ್ನು ಪ್ರೋಗ್ರಾಮಿನಿಂದ ಬೇರ್ಪಡಿಸಿ ಓದುವಂತೆ ಇಡಬೇಕು ಎಂಬುದನ್ನು ಅವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಇಂದು ಡ್ರೂಲ್ಸ್‌ನಂಥ ರೂಲ್ ಎಂಜಿನ್‌ಗಳು ಬ್ಯಾಂಕು, ವಿಮೆಗಳಲ್ಲಿ ಮಾಡುತ್ತಿರುವುದು ಅದನ್ನೇ. ಎಕ್ಸ್‌ಪರ್ಟ್ ಸಿಸ್ಟಮ್ ಎಂಬ ಹೆಸರು ಹೋಗಿದೆ, ಕಸುಬು ಉಳಿದಿದೆ.

ಈಗ ಮನೆಯ ಬಾಗಿಲಿಗೇ ಬರೋಣ. 2023ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಪಡಿತರ ಚೀಟಿಯಲ್ಲಿ ಅವಳು ಯಜಮಾನಿಯಾಗಿರಬೇಕು, ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು. ಮೆಕ್‌ಡರ್ಮಟ್ ಬರೆದಂಥದೇ ನಿಯಮ ಇದು. ನಿಯಮ ಸರಿಯಿದ್ದೂ ಅದಕ್ಕೆ ಊಡಿದ ಸಂಗತಿ ತಪ್ಪಿದ್ದರೆ? ಗಂಡನ ಹೆಸರಿನಲ್ಲಿ ಎಂದೋ ಮಾಡಿಸಿ ಬಿಟ್ಟ ಜಿಎಸ್‌ಟಿ ನೋಂದಣಿ ಇನ್ನೂ ಕಡತದಲ್ಲಿದ್ದರೆ? 'ಅರ್ಹರಲ್ಲ' ಎಂಬ ಒಂದು ಮಾತು ಹಿಡಿದು ಆಕೆ ಯಾವ ಕಚೇರಿಗೆ ಹೋಗಬೇಕು? ಯಾವ ಷರತ್ತು ತಪ್ಪಿತು, ಆ ಮಾಹಿತಿ ಯಾವ ಇಲಾಖೆಯ ಯಾವ ದಾಖಲೆಯಿಂದ ಬಂತು, ತಿದ್ದಿಸುವುದು ಎಲ್ಲಿ ಎಂದು ನಾಲ್ಕು ಸಾಲು ಕನ್ನಡದಲ್ಲಿ ಕೊಡಲು ಹೊಸ ಸಂಶೋಧನೆ ಬೇಕಿಲ್ಲ. ಮೈಸಿನ್ ಇಂಥದನ್ನು ಐವತ್ತು ವರ್ಷದ ಹಿಂದೆಯೇ ಮಾಡಿತು.

ಹೀಗೆಂದ ಮಾತ್ರಕ್ಕೆ ಇಂದಿನ ಕಲಿಯುವ ಯಂತ್ರಗಳನ್ನು ನಾನು ಅಲ್ಲಗಳೆಯುತ್ತಿಲ್ಲ. ಎಕ್ಸ್‌ರೇ ನೋಡುವುದು, ಮಾತು ಗುರುತಿಸುವುದು ನಿಯಮಗಳಿಗೆ ಎಂದೂ ಒಗ್ಗಲಿಲ್ಲ. ಅಲ್ಲಿ ಉದಾಹರಣೆಗಳಿಂದ ಕಲಿತ ಜಾಲಗಳೇ ಗೆದ್ದವು, ಗೆಲ್ಲಲಿ. ಆದರೆ ಕಾನೂನು ಈಗಾಗಲೇ ನಿಯಮದ ರೂಪದಲ್ಲಿ ಹೇಳಿರುವ ಕಡೆ, ಬಾಯ್ಲರಿನ ಸುರಕ್ಷತೆಯ ಮಿತಿ ಗೊತ್ತಿರುವ ಕಡೆ, ಒಬ್ಬರ ಪಿಂಚಣಿಯೋ ಸಾಲವೋ ನಿಲ್ಲುವ ಕಡೆ, ಕಲಿತ ಯಂತ್ರದ ಊಹೆಯನ್ನು ತಂದು ಕೂರಿಸುವುದು ತಪ್ಪು. ಊಹೆ ಎಷ್ಟೇ ಸಲ ಸರಿಯಾದರೂ ತಪ್ಪಾದ ಸಲ ಅದಕ್ಕೆ ಕಾರಣ ಹೇಳಲು ಬರುವುದಿಲ್ಲ.

ಏಕೆಂದು ಕೇಳುವ ಪದ್ಧತಿಯನ್ನು ಮರಳಿ ತರಲು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮುಂದೆ ಒಂದು ಕೆಲಸ ಇಡುತ್ತೇನೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಹತ್ತಿರದ ಸಕ್ಕರೆ ಕಾರ್ಖಾನೆಗೋ ಜವಳಿ ಮಿಲ್ಲಿಗೋ ನೀರು ಶುದ್ಧೀಕರಣ ಘಟಕಕ್ಕೋ ಹೋಗಲಿ. ನಿವೃತ್ತಿಗೆ ಹತ್ತಿರವಾದ ಒಬ್ಬ ಆಪರೇಟರ್ ಜೊತೆ ಒಂದು ಋತುವಿಡೀ ಕೂರಲಿ. ಉಪಕರಣಕ್ಕೆ ದುಡ್ಡು ಬೇಕಿಲ್ಲ. ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ 1985ರಿಂದ ರೂಪುಗೊಂಡ ಕ್ಲಿಪ್ಸ್ ಎಂಬ ನಿಯಮ ಭಾಷೆ ಉಚಿತವಾಗಿ ಸಿಗುತ್ತದೆ. ನಿಯಮಗಳನ್ನು ಮೊದಲು ಕನ್ನಡದಲ್ಲಿ ಬರೆದು ಆ ಆಪರೇಟರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಯಂತ್ರಕ್ಕೆ ಕೊಡಲಿ. ಪ್ರತಿಯೊಂದಕ್ಕೂ ಹೇಳಿದವರ ಹೆಸರು, ತಾರೀಖು, ಕಾರಣ ಇರಲಿ. ಮುಂದಿನ ವರ್ಷದ ತಂಡ ಹೊಸ ವಿಷಯ ಹುಡುಕದೆ ಅದೇ ನಿಯಮಗಳನ್ನು ಅದೇ ಘಟಕಕ್ಕೆ ಮರಳಿ ಒಯ್ದು, ಬದಲಾದವನ್ನು ತಿದ್ದಿ, ಸತ್ತವನ್ನು ತೆಗೆಯಲಿ. ಅಂಕ ಕೊಡುವಾಗ ಈ ಎರಡನೆಯ ತಂಡಕ್ಕೂ ಮೊದಲನೆಯ ತಂಡಕ್ಕೆ ಕೊಟ್ಟಷ್ಟೇ ಕೊಡಬೇಕೆಂದು ಪರೀಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ.