ಪ್ರತಿಕಾಯದ ಮೂಲಪ್ರತಿ



ಜೀವಕೋಶದೊಳಗೆ ಸಾವಿರಾರು ಬಗೆಯ ಪ್ರೋಟೀನುಗಳುಂಟು. ಅವುಗಳಲ್ಲಿ ಬೇಕಾದ ಒಂದನ್ನೇ ಗುರುತಿಸಲು ಸಂಶೋಧಕರು ಪ್ರತಿಕಾಯವನ್ನು ಬಳಸುತ್ತಾರೆ. ರೋಗಾಣುಗಳನ್ನು ಹಿಡಿಯಲೆಂದು ನಮ್ಮ ರಕ್ತದಲ್ಲಿ ಹುಟ್ಟುವ ವಸ್ತುವೇ ಇದು. ಬೀಗಕ್ಕೆ ಬೀಗದ ಕೈ ಹೇಗೋ ಹಾಗೆ, ತನಗೆ ಹೊಂದುವ ಪ್ರೋಟೀನನ್ನಷ್ಟೇ ಇದು ಹಿಡಿಯಬೇಕು.

1975ರಲ್ಲಿ ಕೇಂಬ್ರಿಜ್‌ನ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಎಂಬ ವಿಜ್ಞಾನಿಗಳು ಪ್ರತಿಕಾಯ ಉತ್ಪಾದಿಸುವ ಇಲಿಯ ಕೋಶವನ್ನು ಅರ್ಬುದಕೋಶದೊಡನೆ ಬೆಸೆದರು. ಒಂದೇ ಬಗೆಯ ಪ್ರತಿಕಾಯವನ್ನು ಎಡೆಬಿಡದೆ ಕೊಡುವ ಈ ಕೋಶವೇ ಹೈಬ್ರಿಡೋಮ. 1984ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು.

ಆದರೆ ಜೀವವುಳ್ಳದ್ದು ಬದಲಾಗದೆ ಇದ್ದೀತೆ? ಕೋಶ ಸಾಯುವುದುಂಟು, ಅದರ ಜೀನು ಮಾರ್ಪಡುವುದುಂಟು. 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 185 ಹೈಬ್ರಿಡೋಮಗಳ ಪೈಕಿ 59ರಲ್ಲಿ ಹೆಚ್ಚುವರಿ ಪ್ರತಿಕಾಯ ಸರಪಣಿಗಳು ಕಂಡುಬಂದವು. ಒಂದೇ ಎಂದು ನಂಬಿದ್ದು ಬೆರಕೆಯಾಗಿತ್ತು! ಇಂಥ ಸಾಧನದಿಂದ ಬಂದ ಫಲಿತಾಂಶವನ್ನು ನೆಚ್ಚುವುದೆಂತು?

ನಮ್ಮ ಓಲೆಗರಿಗಳನ್ನು ನೆನೆಯಿರಿ. ಪ್ರತಿಯಿಂದ ಪ್ರತಿ ಮಾಡುತ್ತ ಹೋದಂತೆ ಲಿಪಿಕಾರರ ತಪ್ಪುಗಳು ಸೇರಿಕೊಂಡವು. ಕವಿಯ ಸ್ವಹಸ್ತಪ್ರತಿ ದೊರೆತಿದ್ದರೆ ಆ ತೊಡಕಿರುತ್ತಿರಲಿಲ್ಲ. ರಿಕಾಂಬಿನೆಂಟ್ ಪ್ರತಿಕಾಯದಲ್ಲಿ ದೊರೆಯುವುದು ಅಂಥ ಮೂಲಪ್ರತಿ. ಪ್ರತಿಕಾಯದ ಡಿ.ಎನ್.ಎ. ಬರಹವನ್ನು ಓದಿ, ದಾಖಲಿಸಿ, ಅದನ್ನು ಬೇರೆ ಕೋಶಗಳಲ್ಲಿ ಸೇರಿಸಿ ಪ್ರತಿಕಾಯವನ್ನು ಪಡೆಯುತ್ತಾರೆ. ಕೋಶ ಸತ್ತರೂ ಬರಹ ಉಳಿಯುತ್ತದೆ. ಹತ್ತು ವರುಷದ ಮೇಲೂ, ಯಾವ ಊರಿನಲ್ಲಾದರೂ ಅದೇ ಪ್ರತಿಕಾಯವನ್ನು ಮತ್ತೆ ಮಾಡಬಹುದು.

ಹಾಗೆಂದು ಪರೀಕ್ಷೆ ತಪ್ಪದು. ಪಾಠ ಶುದ್ಧವಾದ ಮಾತ್ರಕ್ಕೆ ಹಿಡಿತವೂ ಸರಿಯೆನ್ನಲಾಗದು. ಆ ಪ್ರೋಟೀನಿನ ಜೀನನ್ನು ತೆಗೆದುಹಾಕಿದ ಕೋಶದಲ್ಲಿ ಪ್ರತಿಕಾಯ ಸುಮ್ಮನಿರಬೇಕು. ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ ಎನ್ನುವ ಸಾಕ್ಷಿಯನ್ನೇ ವಿಜ್ಞಾನವು ನಂಬಬಲ್ಲುದು.