ಸಂಶೋಧನಾ ವಿಧಾನದ ತರಗತಿಯೂ ಭಾಗವಹಿಸುವಿಕೆಯ ಅಂಕವೂ



ಯಾರ ಪುಣ್ಯಸ್ಮರಣೆಗಾಗಿ ಈ ದತ್ತಿಯು ಸ್ಥಾಪಿತವಾಗಿದೆಯೋ ಆ ಹಿರಿಯರ ಬಳಿ ಎರಡು ವರ್ಷ ಕುಳಿತು ಸಮಾಜಶಾಸ್ತ್ರದ ಪಾಠ ಹೇಳಿಸಿಕೊಂಡ ನನಗೆ, ಅವರ ಹೆಸರಿನ ಉಪನ್ಯಾಸವನ್ನು ಮಾಡುವ ಅವಕಾಶವು ಒದಗಿಬಂದುದು ಗೌರವವೂ ಹೌದು, ಋಣಸಂದಾಯದ ಒಂದು ಸಣ್ಣ ಕಂತೂ ಹೌದು. ಅವರು ನಮ್ಮ ಪ್ರಬಂಧಗಳನ್ನು ಹಿಂದಿರುಗಿಸುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ‘ಇದು ನಿಮಗೆ ಹೇಗೆ ತಿಳಿಯಿತು?’ ಎಂದು ಬರೆದಿರುತ್ತಿದ್ದರು. ಅದಕ್ಕೆ ಉತ್ತರ ಹೇಳಿದ ಮೇಲೆಯೇ ಅಂಕ. ಇಂದು ಆ ಪ್ರಶ್ನೆಯನ್ನು ನಮ್ಮ ಅಂಕಪಟ್ಟಿಗೇ ಹಾಕಿ ನೋಡಬೇಕೆಂದಿದ್ದೇನೆ.

ಕ್ರೆಡಿಟ್ ಎಂದರೇನು, ಹತ್ತು ಅಂಶಗಳ ಶ್ರೇಣಿಮಾಪಕವು ‘ಓ’ ಇಂದ ‘ಎಫ್’ ವರೆಗೆ ಹೇಗೆ ಇಳಿಯುತ್ತದೆ, ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ತೇರ್ಗಡೆಗೆ ಶೇಕಡಾ 55 ಅಂಕಗಳು ಬೇಕೆಂಬ ನಿಯಮವೇನು ಎಂಬುದನ್ನೆಲ್ಲ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮಾರ್ಗಸೂಚಿಗಳಲ್ಲಿಯೂ ವಿನಿಯಮಗಳಲ್ಲಿಯೂ ಯಾರು ಬೇಕಾದರೂ ಓದಿಕೊಳ್ಳಬಹುದು. ತರಗತಿಯ ದುಡಿಮೆಗೆ ಅಂಕವಿರಬೇಕೆಂಬ ತತ್ತ್ವವಾದರೂ ಹೊಸದಲ್ಲ, ಡಾ. ರಾಧಾಕೃಷ್ಣನ್ನರ ಅಧ್ಯಕ್ಷತೆಯ 1948–49ರ ಆಯೋಗವು, ಪ್ರತಿಯೊಂದು ವಿಷಯದ ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ವ್ಯಾಸಂಗಾವಧಿಯ ಕೆಲಸಕ್ಕೆ ಮೀಸಲಿಡಬೇಕೆಂದು ಆಗಲೇ ಹೇಳಿತ್ತು. ಆ ತತ್ತ್ವವು ನಮ್ಮ ತರಗತಿಗಳಿಗೆ ಇಳಿದು ಬಂದಾಗ ಯಾವ ರೂಪವನ್ನು ತಳೆದಿದೆ ಎಂಬುದೇ ನನ್ನ ವಿಚಾರ.

ಸಂಶೋಧನಾ ವಿಧಾನದ ಅಧ್ಯಾಪಕನು ಬೆಳಗಿನ ಪಾಠದಲ್ಲಿ ಸಪ್ರಮಾಣತೆ, ವಿಶ್ವಸನೀಯತೆಗಳೆಂಬ ಎರಡು ಲಕ್ಷಣಗಳನ್ನು ವಿವರಿಸುತ್ತಾನೆ: ಅಳೆಯಬೇಕಾದುದನ್ನೇ ಅಳೆಯುವುದು ಮೊದಲನೆಯದು, ಯಾರು ಅಳೆದರೂ ಎಷ್ಟು ಸಲ ಅಳೆದರೂ ಅಳತೆಯು ಹೆಚ್ಚು ಕಡಮೆ ಒಂದೇ ಆಗಿರುವುದು ಎರಡನೆಯದು. ಅದೇ ಅಧ್ಯಾಪಕನು ಸಂಜೆ ಇಂಟರ್ನಲ್ ಅಂಕಗಳ ಪಟ್ಟಿಯನ್ನು ತೆರೆದು, ‘ಭಾಗವಹಿಸುವಿಕೆ’ ಎಂಬ ಅಂಕಣದಲ್ಲಿ, ನೆನಪಿಗೆ ಬಂದ ಮುಖಕ್ಕೆ ಒಂಬತ್ತನ್ನೂ ಬಾರದ ಮುಖಕ್ಕೆ ನಾಲ್ಕನ್ನೂ ತುಂಬುತ್ತಾನೆ. ಬೇರೆ ಯಾವ ವಿಷಯದ ತರಗತಿಯಲ್ಲಿ ಇದು ನಡೆದರೂ ನ್ಯೂನತೆಯೆನಿಸೀತು. ಅಳತೆಯ ಧರ್ಮವನ್ನೇ ಬೋಧಿಸುವ ತರಗತಿಯಲ್ಲಿ ನಡೆದರೆ ಪಾಠವೇ ಸುಳ್ಳಾಗುತ್ತದೆ. ಹೀಗೆ ತುಂಬಿದವರಲ್ಲಿ ನಾನೂ ಒಬ್ಬನೆಂಬುದನ್ನು ಮರೆಮಾಚುವುದಿಲ್ಲ.

ಈ ವಿಷಯದಲ್ಲಿ ಮೂರು ಮತಗಳುಂಟು. ಹಾಜರಾತಿಯೇ ಭಾಗವಹಿಸುವಿಕೆ ಎಂಬುದು ಒಂದು. ಇದರಲ್ಲಿ ಲೆಕ್ಕವು ಸುಲಭ, ತಕರಾರು ಕಡಮೆ. ಆದರೆ ಶೇಕಡಾ 75ರ ಹಾಜರಾತಿಯು ಪರೀಕ್ಷೆಗೆ ಕುಳಿತುಕೊಳ್ಳುವುದಕ್ಕೆ ಇರುವ ಅರ್ಹತೆ. ಅರ್ಹತೆಗೇ ಮರಳಿ ಅಂಕವನ್ನು ಕೊಡುವುದು, ಹೊಸ್ತಿಲನ್ನು ದಾಟಿದ್ದಕ್ಕೆ ಪ್ರವೇಶವನ್ನೂ ಕೊಟ್ಟು ಪಾರಿತೋಷಕವನ್ನೂ ಕೊಟ್ಟಂತೆ.

ಆಂತರಿಕ ಅಂಕವೇ ಬೇಡ, ನೋಂದಣಿ ಸಂಖ್ಯೆಯ ಹೊರತು ಬೇರೇನೂ ಕಾಣದ ಹೊರಗಿನ ಪರೀಕ್ಷಕನೇ ನ್ಯಾಯವಂತನು ಎಂಬುದು ಎರಡನೆಯ ಮತ. ಪಕ್ಷಪಾತದ ಭಯದಿಂದ ಹುಟ್ಟಿದ ಈ ಮತವನ್ನು ನಾನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಎಜ್‌ವರ್ತ್ ಎಂಬ ಸಂಖ್ಯಾಶಾಸ್ತ್ರಜ್ಞನು 1888ರಷ್ಟು ಹಿಂದೆಯೇ ಪರೀಕ್ಷೆಯ ಅಂಕಗಳಲ್ಲಿ ಆಕಸ್ಮಿಕದ ಪಾಲೆಷ್ಟೆಂಬುದನ್ನು ಗಣಿಸಲು ಹೊರಟನು. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ಹಲವಾರು ಪ್ರೌಢಶಾಲೆಗಳ ಅಧ್ಯಾಪಕರಿಗೆ ಕಳುಹಿಸಿದಾಗ, ನೂರಕ್ಕೆ ಮೂವತ್ತಕ್ಕೂ ಮೀರಿದ ಅಂತರವು ತೋರಿಬಂದಿತು. ಅದು ಭಾಷೆಯ ಪತ್ರಿಕೆಯಾದ್ದರಿಂದ ಹಾಗಾಯಿತೆಂದು ಆಕ್ಷೇಪಿಸಿದವರಿಗೆ, ಅವರು ಮರುವರ್ಷ ರೇಖಾಗಣಿತದ ಪತ್ರಿಕೆಯನ್ನು ಕಳುಹಿಸಿ, ಇನ್ನೂ ಹಿರಿದಾದ ಅಂತರವನ್ನು ತೋರಿಸಿದರು. ವಿದ್ಯಾರ್ಥಿಯ ಮುಖವನ್ನು ಕಾಣದವನು ತಪ್ಪಳೆಯಲಾರನು ಎಂಬ ವಿಶ್ವಾಸವು ಈ ಸಾಕ್ಷ್ಯದೆದುರು ನಿಲ್ಲದು. ಅಲ್ಲದೆ, ಪ್ರಶ್ನಾವಳಿಯನ್ನು ಹಿಡಿದು ಮನೆಮನೆ ಅಲೆದವನ ದುಡಿಮೆಯು ಮೂರು ಗಂಟೆಯ ಲಿಖಿತ ಪರೀಕ್ಷೆಯಲ್ಲಿ ಎಲ್ಲಿ ಕಂಡೀತು?

ಮೂರನೆಯದು, ಚರ್ಚೆಯಲ್ಲಿ ಮಾತನಾಡಿದವರಿಗೆ ಅಂಕ ಕೊಡಬೇಕೆಂಬ ಮತ. ಇಂದು ಅತ್ಯಂತ ಮನ್ನಣೆ ಪಡೆದಿರುವುದು ಇದೇ. ನನ್ನ ವಿರೋಧವೂ ಇದಕ್ಕೇ ಹೆಚ್ಚು. ಮಾತಿನಿಂದ ವಿಚಾರವು ಸ್ಫುಟವಾಗುತ್ತದೆಂಬುದು ನಿಜ. ಆದರೆ ಇಂಗ್ಲಿಷಿನಲ್ಲಿ ನಡೆಯುವ ಸ್ನಾತಕೋತ್ತರ ತರಗತಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿ ಹಳ್ಳಿಯಿಂದ ಬಂದ ವಿದ್ಯಾರ್ಥಿಯು ವಾಕ್ಯವನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುವಷ್ಟರಲ್ಲಿ ಚರ್ಚೆಯು ಮುಂದೆ ಸಾಗಿಹೋಗಿರುತ್ತದೆ. ಆಗ ನಾವು ಅಳೆದುದು ಯಾವುದನ್ನು? ಅವನು ಓದಿ ಬಂದ ಶಾಲೆಯನ್ನು.

ನನ್ನ ಕಣ್ಣನ್ನು ತೆರೆಸಿದವಳು ಒಬ್ಬ ವಿದ್ಯಾರ್ಥಿನಿ. ಇಡೀ ಸೆಮಿಸ್ಟರಿನಲ್ಲಿ ‘ಹೌದು ಸರ್’ ಎಂಬುದಕ್ಕಿಂತ ಹೆಚ್ಚಿಗೆ ಆಕೆ ನುಡಿದುದು ನನಗೆ ನೆನಪಿಲ್ಲ. ಭಾಗವಹಿಸುವಿಕೆಗೆ ಹತ್ತಕ್ಕೆ ನಾಲ್ಕನ್ನು ನಾನೇ ಬರೆದಿದ್ದೆನು. ಕೊನೆಯಲ್ಲಿ ಆಕೆಯ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವನ್ನು ತೆರೆದು ನೋಡಿದರೆ, ‘ಮನೆಯ ಖರ್ಚಿನ ನಿರ್ಧಾರ ಯಾರದು?’ ಎಂದು ನಾನೇ ಬರೆದುಕೊಟ್ಟಿದ್ದ ಪ್ರಶ್ನೆಯನ್ನು ಮೂರನೆಯ ದಿನವೇ ಹೊಡೆದುಹಾಕಿದ್ದಳು. ಜಗಲಿಯ ಮೇಲೆ ಕುಳಿತ ಗಂಡಸರು ‘ನಮ್ಮದೇ’ ಎಂದು ಉತ್ತರಿಸುತ್ತಿದ್ದಾರೆ, ಬಾಗಿಲ ಹಿಂದೆ ನಿಂತವರು ಸುಮ್ಮನಿದ್ದಾರೆ ಎಂದು ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದಳು. ಮರುದಿನದಿಂದ, ಹೆಂಗಸರು ಸರದಿಗಾಗಿ ಕಾಯುವ ಹಿಟ್ಟಿನ ಗಿರಣಿಯ ಬಳಿ ಹೋಗಿ ನಿಂತು, ಕಳೆದ ವಾರ ಅಂಗಡಿಯ ಸಾಮಾನಿಗೆ ದುಡ್ಡು ಯಾರ ಕೈಯಿಂದ ಹೋಯಿತೆಂದು ಕೇಳಿದ್ದಳು. ಸಪ್ರಮಾಣತೆಯ ಪಾಠವನ್ನು ಇಷ್ಟು ಪೂರ್ಣವಾಗಿ ಗ್ರಹಿಸಿದವರನ್ನು ನಾನು ಆ ತರಗತಿಯಲ್ಲಿ ಬೇರೆ ಕಾಣೆ. ಅಷ್ಟರಲ್ಲಿ ಅಂಕಪಟ್ಟಿಯು ಕಚೇರಿಗೆ ಹೋಗಿಯಾಗಿತ್ತು.

ಅಂದಿನಿಂದ ನಾನು ಭಾಗವಹಿಸುವಿಕೆಯ ಅಂಕವನ್ನು ಟಿಪ್ಪಣಿ ಪುಸ್ತಕಕ್ಕೆ ವರ್ಗಾಯಿಸಿದ್ದೇನೆ. ಹೊಲಿದ ಪುಸ್ತಕ, ಹಾಳೆ ಹರಿಯುವಂತಿಲ್ಲ, ದಿನಾಂಕ ಬೇಕು, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಬೇಕು, ತಪ್ಪನ್ನು ಅಳಿಸದೆ ಗೆರೆ ಎಳೆದು ಕಾರಣವನ್ನು ಹೇಳಬೇಕು. ವಾರಕ್ಕೊಮ್ಮೆ ನಾನು ರುಜು ಹಾಕುತ್ತೇನೆ. ಹತ್ತರಲ್ಲಿ ಐದು ಅಂಕಗಳು ಈ ತಿದ್ದುಪಡಿಗಳಿಗೇ ಮೀಸಲು.

ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಕಲ್ಪಿಸಿ ಬರೆಯಬಹುದಲ್ಲ ಎನ್ನುತ್ತಾರೆ. ಬರೆದವರೂ ಉಂಟು. ಅಂಥ ಪುಸ್ತಕದಲ್ಲಿ ಬೀಗ ಹಾಕಿದ ಮನೆಯಿರುವುದಿಲ್ಲ, ಬೈದು ಕಳುಹಿಸಿದ ಅಜ್ಜಿಯಿರುವುದಿಲ್ಲ, ಎಲ್ಲರೂ ಎಲ್ಲಕ್ಕೂ ಉತ್ತರಿಸಿರುತ್ತಾರೆ. ಇನ್ನು ಕೆಲವರು ಎಂ. ಎನ್. ಶ್ರೀನಿವಾಸರ ಉದಾಹರಣೆಯನ್ನು ಮುಂದಿಡುತ್ತಾರೆ: 1948ರಲ್ಲಿ ತಾವು ‘ರಾಮಪುರ’ವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿದ್ದು ಮಾಡಿದ ಅಧ್ಯಯನದ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಗೆ ಆಹುತಿಯಾದ ಮೇಲೆ, ಅವರು ನೆನಪಿನ ಬಲದಿಂದಲೇ ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥವನ್ನು ಬರೆಯಲಿಲ್ಲವೆ, ಹಾಗಿರುವಾಗ ಟಿಪ್ಪಣಿಗೆ ಇಷ್ಟು ಮಹತ್ತ್ವವೇಕೆ ಎಂದು. 1976ರಲ್ಲಿ ಬೆಳಕು ಕಂಡ ಆ ಗ್ರಂಥವನ್ನು ನಾನೂ ಪ್ರತಿವರ್ಷ ತರಗತಿಯಲ್ಲಿ ಓದಿಸುತ್ತೇನೆ. ಆದರೆ ಆ ನೆನಪು ಬರಿಯ ನೆನಪಲ್ಲ. ವರ್ಷಗಟ್ಟಲೆ ಬರೆದು, ವಿಂಗಡಿಸಿ, ಮತ್ತೆ ಬರೆದ ಕೈಯ ನೆನಪು. ಈ ಆಕ್ಷೇಪವು ನನ್ನ ಪಕ್ಷವನ್ನೇ ಬಲಪಡಿಸುತ್ತದೆ.

ನನ್ನ ಅಂಕವೂ ಒಬ್ಬನೇ ಅಳೆದ ಅಳತೆಯಲ್ಲವೆ ಎಂಬುದು ಮಾತ್ರ ನಾನು ತಳ್ಳಿಹಾಕಲಾರದ ಪ್ರಶ್ನೆ. ದತ್ತಿಯ ಹಿರಿಯರು ಇದ್ದಿದ್ದರೆ ಅಂಚಿನಲ್ಲಿ ಬರೆಯುತ್ತಿದ್ದುದೂ ಅದನ್ನೇ. ಆದುದರಿಂದ ಮೂವರು ವಿದ್ಯಾರ್ಥಿಗಳ ಪುಸ್ತಕಗಳನ್ನು, ಅವರ ಅನುಮತಿಯನ್ನು ಪಡೆದು, ಹೆಸರಿನ ಮೇಲೆ ಕಾಗದ ಅಂಟಿಸಿ, ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಚೀಟಿಗಳೂ ಇವೆ. ನನ್ನೊಡನೆ ಭಿನ್ನಾಭಿಪ್ರಾಯವುಳ್ಳ ಮಿತ್ರರೂ ಓದಿ, ಹತ್ತಕ್ಕೆ ಎಷ್ಟೆಂದು ಬರೆದು ಪೆಟ್ಟಿಗೆಗೆ ಹಾಕಬೇಕು. ನನ್ನ ಅಂಕಗಳ ಲಕೋಟೆಯನ್ನು ಮುಚ್ಚಿ ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ಚೀಟಿಗಳನ್ನು ಎಣಿಸಿದ ಮೇಲೆ ಅವರು ಅದನ್ನು ಒಡೆಯುತ್ತಾರೆ.