ಕಿರಿದರಲ್ಲಿ ನಿಷ್ಠೆ
(ಶತಮಾನೋತ್ಸವದ ಕೃತಜ್ಞತಾ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)

ನೂರು ವರ್ಷ ತುಂಬಿದ ಶಾಲೆಯನ್ನು ಕುರಿತು ಮಾತನಾಡುವಾಗ ಸ್ಥಾಪಕರು, ದಾನಿಗಳು, ಉನ್ನತ ಹುದ್ದೆಗೇರಿದ ಹಳೆ ವಿದ್ಯಾರ್ಥಿಗಳು ಮೊದಲು ನೆನಪಾಗುವುದು ಸಹಜ. ಅವರೆಲ್ಲರಿಗೂ ನಾವು ಋಣಿಗಳು. ಆದರೆ ಇಂದು ನಾವು ಹೇಳಬಯಸುವುದು ಯಾರ ಕಣ್ಣಿಗೂ ಬೀಳದ ಸಣ್ಣ ಕರ್ತವ್ಯಗಳ ವಿಷಯ. ಕ್ರೈಸ್ತ ಜೀವನದ ಬಹುಪಾಲು ನಡೆಯುವುದು ಅವುಗಳಲ್ಲಿಯೇ.

ಜೆರುಸಲೇಮಿನ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಧನವಂತರು ಧಾರಾಳವಾಗಿ ಹಾಕುತ್ತಿದ್ದಾಗ ಬಡ ವಿಧವೆಯೊಬ್ಬಳು ಎರಡೇ ಎರಡು ಕಾಸು ಹಾಕಿದ ಸಂಗತಿಯನ್ನು ಸುವಾರ್ತೆಯಲ್ಲಿ ಓದಿದ್ದೇವೆ. ಆ ಎರಡು ಕಾಸಿನಿಂದ ದೇವಾಲಯದ ಗೋಡೆ ಒಂದು ಅಂಗುಲವೂ ಎತ್ತರವಾಗಿರಲಾರದು. ಆದರೂ ಯೇಸುಸ್ವಾಮಿ ಶಿಷ್ಯರನ್ನು ಕರೆದು ತೋರಿಸಿದ್ದು ಆಕೆಯನ್ನೇ. ಆ ಸ್ವಾಮಿಯೂ ಸುಮಾರು ಮೂವತ್ತು ವರ್ಷ ವಯಸ್ಸಾಗುವ ತನಕ ಬಡಗಿಯ ಮನೆಯ ಮಗನಾಗಿಯೇ ಬಾಳಿದರು. ಆ ವರ್ಷಗಳ ಬಗ್ಗೆ ಸುವಾರ್ತೆಗಳು ಹೇಳುವುದು ತೀರ ಅಲ್ಪ. ಬರೆದಿಡದ ದಿನಗಳೆಂದು ಅವು ವ್ಯರ್ಥ ದಿನಗಳಲ್ಲ.

ನಮ್ಮ ನುಡಿಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 1853ರಲ್ಲಿ ಬಾಸೆಲ್ ಮಿಶನ್ನಿನ ಸೇವೆಗಾಗಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ನಾವು ಇಂದು ಆ ಬೃಹತ್ ಗ್ರಂಥವನ್ನು ಕಂಡು ಬೆರಗಾಗುತ್ತೇವೆ. ಆದರೆ ಅವರು ಮಾಡಿದ್ದು ಒಂದು ಶಬ್ದ, ಅದರ ನಂತರ ಇನ್ನೊಂದು ಶಬ್ದ ಎಂಬಂತೆ ವರ್ಷಗಟ್ಟಲೆ ನಡೆದ ಕೆಲಸ. ಶಬ್ದವೊಂದರ ಅರ್ಥವನ್ನು ಅಂದಾಜಿನಲ್ಲಿ ಬರೆದು ಮುಂದೆ ಸಾಗಿದ್ದರೆ ಅಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇಂದು ಮಾತ್ರ ಯಾರೂ ಆ ಗ್ರಂಥವನ್ನು ನಂಬುತ್ತಿರಲಿಲ್ಲ.

ಇನ್ನು ನಮ್ಮದೇ ಒಂದು ಸಂಗತಿ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆ. ಎಷ್ಟು ತರಗತಿ, ಎಷ್ಟು ಅಧ್ಯಾಪಕರು ಎಂಬುದು ಆ ಅಂಕೆಯ ಮೇಲೆ ನಿಂತಿದೆ. ಕೆಲವು ವರ್ಷಗಳ ಹಿಂದೆ ಒಂದು ವಿಭಾಗ ಉಳಿಯಲು ಒಂದೇ ಒಂದು ಮಗು ಕಡಿಮೆ ಬಿತ್ತು. ಊರು ಬಿಟ್ಟು ಹೋಗಿದ್ದ ಕುಟುಂಬದ ಹುಡುಗನೊಬ್ಬನ ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೂ ಇತ್ತು. "ಇರಲಿ ಬಿಡಿ ಟೀಚರ್, ನಮ್ಮ ಕನ್ನಡ ಉಳಿಯುವುದಕ್ಕಲ್ಲವೇ?" ಎಂದು ಹಿತೈಷಿಗಳೇ ಹೇಳಿದರು. ನಮ್ಮ ಕೈ ಅಳುಕಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆ ಬೆಳಿಗ್ಗೆ ಹೆಸರು ಕೂಗಿದಾಗ ಮುಂದಿನ ಬೆಂಚಿನ ಮಗುವೊಂದು ಎದ್ದು ನಿಂತು, "ಅವನು ಬರುವುದಿಲ್ಲವಲ್ಲ ಟೀಚರ್, ಯಾಕೆ ಕರೆಯುತ್ತೀರಿ?" ಎಂದು ಕೇಳಿತು. ನಾವು ಆ ಹೆಸರಿಗೆ ಗೆರೆ ಎಳೆದೆವು. ವಿಭಾಗ ಹೋಯಿತು. ನಮ್ಮೊಂದಿಗೆ ದುಡಿದ ಅಧ್ಯಾಪಿಕೆಯೊಬ್ಬರು ಬೇರೆ ಶಾಲೆಗೆ ಹೋಗಬೇಕಾಯಿತು. ಮರುವರ್ಷ ಆ ವಿಭಾಗ ಮರಳಿ ಬಂತೆಂದು ಹೇಳುವ ಭಾಗ್ಯವೂ ನಮಗಿಲ್ಲ. ನಿಷ್ಠೆಗೆ ಪ್ರತಿಫಲ ಒಡನೆಯೇ ದೊರೆಯುವುದೆಂದು ಕ್ರಿಸ್ತನು ಎಲ್ಲಿಯೂ ಹೇಳಿಲ್ಲ. ಆದರೆ ಆ ದಿನದ ನಂತರ ಆ ಮಕ್ಕಳ ಮುಂದೆ ನಿಂತು ಸತ್ಯವನ್ನು ಬೋಧಿಸಲು ನಮಗೆ ನಾಚಿಕೆಯಾಗಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಈ ಶಾಲೆಯಲ್ಲಿ ಕನ್ನಡದ ಓದು ನಿಲ್ಲಲಿಲ್ಲ. ಸಭೆ, ಮನವಿ, ಹೋರಾಟಗಳು ಬೇಕಾದವು. ಅವನ್ನು ನಡೆಸಿದವರಿಗೆ ವಂದನೆಗಳು. ಜೊತೆಗೆ, ಮಳೆಗಾಲದ ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಸೋರುವ ಮೂಲೆಗೆ ಬಾಲ್ದಿ ಇಟ್ಟವರು, ಎರಡು ದಿನ ಬಾರದ ಮಗುವಿನ ಮನೆಗೆ ತೋಟದ ದಾರಿಯಲ್ಲಿ ನಡೆದು ಹೋದವರು, ಗಂಜಿಯ ಅಕ್ಕಿಯನ್ನು ಅಳತೆ ತಪ್ಪದೆ ಬೇಯಿಸಿದವರು ಕೂಡ ಈ ಶಾಲೆಯನ್ನು ಕಾಪಾಡಿದರು. ಅವರಲ್ಲಿ ಎಲ್ಲ ಮತದವರೂ ಇದ್ದರು. ಅವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ.

ಪೋಷಕರೇ, ಹಳೆ ವಿದ್ಯಾರ್ಥಿಗಳೇ, ಈ ಶಾಲೆಯನ್ನು ಉಳಿಸಲು ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಬೆಂಚಿನ ಮೇಲೆ ಮಕ್ಕಳಿರಬೇಕು. ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಕನ್ನಡವನ್ನು ಹೊಗಳುವುದಕ್ಕಿಂತ ದಿನಕ್ಕೊಂದು ಪುಟವನ್ನು ಮಗುವಿನೊಡನೆ ಕುಳಿತು ಓದುವುದು ಮೇಲು. ಅಧ್ಯಾಪಕ ಮಿತ್ರರೇ, ಯಾರೂ ಪರಿಶೀಲಿಸದ ಕಾಪಿ ಪುಸ್ತಕವನ್ನೂ ಪೂರ್ತಿ ತಿದ್ದೋಣ.

ನಾಳೆ ಬೆಳಿಗ್ಗೆ ಎಂದಿನಂತೆ ಗಂಟೆ ಬಾರಿಸುತ್ತದೆ. ಎರಡನೆಯ ಶತಮಾನದ ಮೊದಲ ಹಾಜರಿಯನ್ನು ನಾವು ಸತ್ಯವಾಗಿ ಬರೆಯುವಂತೆ ದೇವರು ಅನುಗ್ರಹಿಸಲಿ.